ಯಂತ್ರಕ್ಕಾದರೂ ಬಿಡಿಸಿ ಹೇಳ್ರೀ!

ಮನುಷ್ಯರು ವರ್ಷಗಟ್ಟಲೆ ಗೋಗರೆದರೂ ಬರೆಯದ ಡಾಕ್ಯುಮೆಂಟೇಶನ್ನನ್ನು ನಮ್ಮ ಐಟಿ ಮಂದಿ ಈಗ ಯಂತ್ರಕ್ಕೋಸ್ಕರ ಬರೆಯೋಕೆ ಕೂತಿದ್ದಾರೆ. ಹೊಸದಾಗಿ ಸೇರಿದ ಹುಡುಗ "ಈ ಟೂಲ್ ಹೇಗೆ ಬಳಸೋದು ಸಾರ್?" ಅಂತ ಕೇಳಿದರೆ "ಕೋಡ್ ಓದ್ಕೊಳಪ್ಪ" ಅಂತಿದ್ದ ಮಹಾನುಭಾವರೇ ಇವತ್ತು "ಏಜೆಂಟ್‌ಗೆ ಅರ್ಥ ಆಗೋ ಹಾಗೆ ಬರೀಬೇಕು" ಅಂತ ಮೀಟಿಂಗ್ ಕರೀತಾರೆ. ಸಂತೋಷ. ಯಾರ ನೆಪದಲ್ಲಾದರೂ ಬರೆದರಲ್ಲ ಅಂತ ನಾನೂ ಅಂದ್ಕೊಂಡೆ. ಆದರೆ ಬರೆದಿದ್ದನ್ನ ಓದಿದ ಮೇಲೆ ಹೊಟ್ಟೆ ಉರೀತಾ ಇದೆ. ಅದನ್ನೇ ಇಲ್ಲಿ ಕಾರಿಕೊಳ್ತಿದೀನಿ, ಸಹಿಸಿಕೊಳ್ಳಿ :)

ಐಟಿಯವರಲ್ಲದ ಬ್ಲಾಗಿಗ ಗೆಳೆಯರಿಗೆ ಮೊದಲು ಎರಡು ಮಾತು. ಎಐ ಏಜೆಂಟ್ ಅಂದರೆ ಬರೀ ಮಾತಾಡುವ ಚಾಟ್ ಅಲ್ಲ, ಕೆಲಸ ಮಾಡುವ ಎಐ. "ನಾಳೆಯ ಟಿಕೆಟ್ ರದ್ದು ಮಾಡು" ಅಂದರೆ ಅದು ರದ್ದು ಮಾಡುವ ಒಂದು ಸಾಫ್ಟ್‌ವೇರ್ ಸಲಕರಣೆಯನ್ನು, ಅಂದರೆ ಟೂಲನ್ನು, ತಾನೇ ಆರಿಸಿ ಓಡಿಸುತ್ತೆ. 2023ರ ಜೂನ್‌ನಲ್ಲಿ ಓಪನ್ ಎಐ ತನ್ನ ಮಾಡೆಲ್‌ಗಳಿಗೆ ಹೀಗೆ ಹೊರಗಿನ ಫಂಕ್ಷನ್ ಕರೆಯುವ ಸೌಲಭ್ಯ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಅನ್ನೋದನ್ನ ಬಿಡುಗಡೆ ಮಾಡಿತು. ಯಾರು ಬೇಕಾದರೂ ತಮ್ಮ ಟೂಲನ್ನು ಏಜೆಂಟ್‌ಗೆ ಜೋಡಿಸೋಕೆ ಅದೊಂದು ಸಾಮಾನ್ಯ ಪದ್ಧತಿ.

ಇಲ್ಲಿ ಗಮನಿಸಬೇಕಾದ ವಿಷಯ ಒಂದೇ. ಹೀಗೆ ಜೋಡಿಸಿದ ಟೂಲಿನ ಬಗ್ಗೆ ಏಜೆಂಟ್‌ಗೆ ಸಿಗೋದು ಮೂರು ವಸ್ತು: ಅದರ ಹೆಸರು, ಅದರ ವಿವರಣೆ, ಅದಕ್ಕೆ ಏನೇನು ಮಾಹಿತಿ ಕೊಡಬೇಕು ಅನ್ನೋ ಪಟ್ಟಿ. ಒಳಗಿನ ಕೋಡ್ ಸಾಮಾನ್ಯವಾಗಿ ಅದಕ್ಕೆ ಕಾಣಿಸೋದೇ ಇಲ್ಲ. ಅಂದರೆ ಏಜೆಂಟ್ ಪಾಲಿಗೆ ನೀವು ಬರೆದ ಆ ನಾಲ್ಕು ಸಾಲೇ ಟೂಲು. ಆ ಸಾಲು ಓದಿ ಅದು ತೀರ್ಮಾನ ಮಾಡುತ್ತೆ, ಆಮೇಲೆ ನಿಜವಾದ ಡೇಟಾಬೇಸ್ ಮೇಲೆ, ನಿಜವಾದ ದುಡ್ಡಿನ ಮೇಲೆ ಕೈ ಹಾಕುತ್ತೆ.

ಹಾಗಿದ್ದಾಗ ಆ ನಾಲ್ಕು ಸಾಲು ಹೇಗಿರಬೇಕು? ಈಗ ಹೇಗಿದೆ ನೋಡಿ. ಟೂಲಿನ ಹೆಸರು 'ಅಪ್‌ಡೇಟ್ ರೆಕಾರ್ಡ್'. ವಿವರಣೆ: "ರೆಕಾರ್ಡನ್ನು ಅಪ್‌ಡೇಟ್ ಮಾಡುತ್ತದೆ". ಆಹಾ! ದೋಸೆ ಮಾಡೋದು ಹೇಗೆ ಅಂದರೆ ದೋಸೆ ಮಾಡಬೇಕು ಅಂದ ಹಾಗಾಯ್ತು. ಯಾವ ರೆಕಾರ್ಡು? ಕೊಡದೇ ಇರೋ ಫೀಲ್ಡು ಹಾಗೇ ಉಳಿಯುತ್ತೋ, ಖಾಲಿಯಾಗುತ್ತೋ? ಹಳೇದು ವಾಪಸ್ ಸಿಗುತ್ತೋ? ಗ್ರಾಹಕನಿಗೆ ಎಸ್ಸೆಮ್ಮೆಸ್ ಹೋಗುತ್ತೋ? ಒಂದಕ್ಕೂ ಉತ್ತರ ಇಲ್ಲ.

ಇದನ್ನ ಕೇಳಿದರೆ ಬರುವ ಮೊದಲ ವಾದ: "ಅಯ್ಯೋ, ಎಐ ಬುದ್ಧಿವಂತ ಕಣ್ರೀ, ಅದೇ ಅರ್ಥ ಮಾಡ್ಕೊಳತ್ತೆ."

ಬುದ್ಧಿವಂತಿಕೆಗೂ ಮಾಹಿತಿಗೂ ವ್ಯತ್ಯಾಸ ಇಲ್ವಾ ಸ್ವಾಮಿ? ಎಷ್ಟೇ ಬುದ್ಧಿವಂತ ಅಳಿಯನಾದರೂ ಮಾವನ ಮನೆಯ ಯಾವ ಡಬ್ಬದಲ್ಲಿ ಸಕ್ಕರೆ ಇದೆ, ಯಾವುದರಲ್ಲಿ ಉಪ್ಪಿದೆ ಅಂತ ಹೊರಗಿನಿಂದ ನೋಡಿ ಹೇಳೋಕಾಗಲ್ಲ. ಡಬ್ಬದ ಮೇಲೆ ಬರೆದಿರಬೇಕು, ಇಲ್ಲಾ ಮುಚ್ಚಳ ತೆಗೆದು ನೋಡಬೇಕು. ನೀವು ಮುಚ್ಚಳವನ್ನೂ ತೆಗೆಯೋಕೆ ಬಿಡಲ್ಲ, ಮೇಲೂ ಬರೆಯಲ್ಲ. ಆಮೇಲೆ ಕಾಫಿ ಉಪ್ಪಾಯ್ತು ಅಂತ ಅಳಿಯನಿಗೆ ಬೈತೀರಿ.

ಕೆಲವು ನಿಜವಾದ ಉದಾಹರಣೆ ಕೊಡ್ತೀನಿ.

ದುಡ್ಡು: ಸ್ಟ್ರೈಪ್, ರೇಜರ್‌ಪೇಯಂಥ ಪಾವತಿ ವ್ಯವಸ್ಥೆಗಳಲ್ಲಿ ಮೊತ್ತವನ್ನು ಕರೆನ್ಸಿಯ ಚಿಕ್ಕ ಘಟಕದಲ್ಲಿ ಕೊಡಬೇಕು. ನಮ್ಮಲ್ಲಿ ಅಂದರೆ ಪೈಸೆ. 500 ರೂಪಾಯಿಗೆ 50000 ಅಂತ ಬರೀಬೇಕು. ಅವರ ಡಾಕ್ಯುಮೆಂಟಿನಲ್ಲಿ ಇದನ್ನ ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಅದರ ಮೇಲೆ ನೀವೊಂದು ಪುಟ್ಟ ಟೂಲ್ ಕಟ್ಟಿ, 'ಮೊತ್ತ: ಸಂಖ್ಯೆ' ಅಂತಷ್ಟೇ ಬರೆದು ಕೂತರೆ? ಏಜೆಂಟ್ 500 ಅಂತ ಕೊಡುತ್ತೆ, 5 ರೂಪಾಯಿ ವಾಪಸ್ ಹೋಗುತ್ತೆ. ಇನ್ನೊಂದು ಟೂಲು ರೂಪಾಯಿಯಲ್ಲೇ ತಗೊಳೋದಾಗಿದ್ದು ಏಜೆಂಟ್ ಪೈಸೆ ಅಂದ್ಕೊಂಡರೆ 500ರ ಬದಲು 50000 ರೂಪಾಯಿ. 'ಮೊತ್ತ, ಪೈಸೆಯಲ್ಲಿ' ಅಂತ ಒಂದೇ ಒಂದು ಪದ ಜಾಸ್ತಿ ಬರೆಯೋಕೆ ಯಾರ ಗಂಟು ಹೋಗುತ್ತೆ?

ಸೋಲು ಗೆಲುವು: ಪ್ರೋಗ್ರಾಂ ಸರಿಯಾಗಿ ಮುಗಿದರೆ 0, ಎಡವಟ್ಟಾದರೆ ಬೇರೆ ಸಂಖ್ಯೆ ಹೇಳಬೇಕು ಅನ್ನೋದು ಎಲ್ಲರೂ ನಂಬಿರೋ ಪದ್ಧತಿ. ಆದರೆ ವಿಂಡೋಸಿನ ರೋಬೋಕಾಪಿ 1 ಅಂದರೆ ಫೈಲುಗಳು ಸರಿಯಾಗಿ ನಕಲಾದವು ಅಂತ ಅರ್ಥ! 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ಸೋಲು. ಗ್ರೆಪ್ 1 ಅಂದರೆ "ಹುಡುಕಿದ್ದು ಸಿಗಲಿಲ್ಲ", 2 ಅಂದರೆ ತಪ್ಪಾಗಿದೆ. ಇವೆಲ್ಲ ಹಳೇ ಪ್ರಸಿದ್ಧ ಟೂಲುಗಳು, ಬೇಕಾದಷ್ಟು ಪುಟ ಬರೆದಿದ್ದಾರೆ, ಎಐ ಓದಿಕೊಂಡಿರುತ್ತೆ. ನಿಮ್ಮ ಆಫೀಸಿನೊಳಗಿನ ಟೂಲಿನ ಬಗ್ಗೆ ಪ್ರಪಂಚದಲ್ಲಿ ಎಲ್ಲೂ ಬರೆದಿಲ್ಲ. ಅದು 3 ಅಂದರೆ ಏನು ಅಂತ ನೀವು ಹೇಳದೆ ಇನ್ಯಾರು ಹೇಳಬೇಕು?

ಒಂದೇ ಹೆಸರು, ಎರಡು ಕೆಲಸ: ಗಿಟ್ ಬಳಸೋರಿಗೆ 'ಚೆಕ್‌ಔಟ್' ಗೊತ್ತು. ಅದು ಬ್ರಾಂಚ್ ಬದಲಿಸೋಕೂ ಬೇಕು, ಫೈಲಿನ ಹೆಸರು ಕೊಟ್ಟರೆ ಅದರಲ್ಲಿ ನೀವು ಸ್ಟೇಜ್ ಮಾಡದ ಬದಲಾವಣೆಗಳನ್ನು ಅಳಿಸಿಯೂ ಹಾಕುತ್ತೆ. ಮನುಷ್ಯರು ಎಷ್ಟು ವರ್ಷ ಎಡವಿದರೋ! ಕೊನೆಗೆ 2019ರ ಆಗಸ್ಟ್‌ನಲ್ಲಿ ಬಂದ 2.23ನೇ ಆವೃತ್ತಿಯಲ್ಲಿ 'ಸ್ವಿಚ್', 'ರಿಸ್ಟೋರ್' ಅಂತ ಎರಡು ಬೇರೆ ಕಮ್ಯಾಂಡ್ ತಂದರು. ಕೆಲಸ ಎರಡಾದರೆ ಹೆಸರೂ ಎರಡಿರಲಿ, ಎಷ್ಟು ಸರಳ!

ದಾರಿ: ಆಂಥ್ರೋಪಿಕ್‌ನವರು 2024ರ ಡಿಸೆಂಬರ್‌ನಲ್ಲಿ ತಮ್ಮ ಒಂದು ಅನುಭವ ಬರೆದುಕೊಂಡಿದ್ದರು. ಅವರ ಕೋಡಿಂಗ್ ಏಜೆಂಟ್ ಬೇರೆ ಫೋಲ್ಡರಿಗೆ ಹೋದ ಮೇಲೆ ಫೈಲಿನ ಅರ್ಧ ವಿಳಾಸ ಕೊಟ್ಟು ಎಡವುತ್ತಾ ಇತ್ತು. ಅವರು ಟೂಲನ್ನೇ ಬದಲಾಯಿಸಿ, ಪೂರ್ತಿ ವಿಳಾಸ ಕೊಡಲೇಬೇಕು ಅಂತ ಮಾಡಿದರು. ಆ ತಪ್ಪು ನಿಂತಿತು. ಎಐ ತಯಾರಿಸುವವರೇ "ನಮ್ಮ ಮಾಡೆಲ್ ಬುದ್ಧಿವಂತ, ಅದೇ ಅರ್ಥ ಮಾಡ್ಕೊಳತ್ತೆ" ಅಂತ ಕೂರಲಿಲ್ಲ. ನಮ್ಮವರಿಗೆ ಮಾತ್ರ ಅದರ ಮೇಲೆ ಅವರಿಗಿಂತ ಜಾಸ್ತಿ ಭಕ್ತಿ!

ಇನ್ನು ಕನ್ನಡದಲ್ಲಿ ಬರೆಯೋ ನಮಗೆಲ್ಲ ಚೆನ್ನಾಗಿ ಅರ್ಥವಾಗೋ ಉದಾಹರಣೆ. ಒಂದು ಟೂಲಿನ ವಿವರಣೆಯಲ್ಲಿ "ಗರಿಷ್ಠ 100 ಅಕ್ಷರ" ಅಂತ ಬರೆದಿದೆ ಅನ್ನಿ. ಅಕ್ಷರ ಅಂದರೆ? 'ಕ್ಷಮಿಸಿ' ಅನ್ನೋ ಪದ ತಗೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ. ಯುಟಿಎಫ್-8ರಲ್ಲಿ ಉಳಿಸಿದರೆ 21 ಬೈಟ್. ಈ ಮೂರರಲ್ಲಿ ಯಾವುದು ನಿಮ್ಮ 'ಅಕ್ಷರ'? ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಸಿಕ್ಕರೆ ಕನ್ನಡಕ್ಕೆ ಸಿಗೋದು 70. ಹೆಸರು ಹುಡುಕುವ ಟೂಲಿಗೆ 'ರಾಜ್‌ಕುಮಾರ್' ಅಂತ ಕೊಟ್ಟರೆ, ಮಧ್ಯದಲ್ಲಿ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಸಂಕೇತ ಇರುತ್ತೆ. ಅದಿಲ್ಲದೆ ಬರೆದರೆ 'ರಾಜ್ಕುಮಾರ್' ಅಂತಾಗುತ್ತೆ. ಟೂಲ್ ಎರಡನ್ನೂ ಒಂದೇ ಅಂತ ನೋಡುತ್ತೋ ಬೇರೆ ಅಂತ ನೋಡುತ್ತೋ? ಬೇರೆ ಅಂತ ನೋಡಿದರೆ ಏಜೆಂಟ್ "ಈ ಹೆಸರಿನವರು ಯಾರೂ ಇಲ್ಲ" ಅಂತ ನಿರಾಳವಾಗಿ ವರದಿ ಕೊಡುತ್ತೆ. ಆ ಹೆಸರಿನ ರೈತನಿಗೋ, ವಿದ್ಯಾರ್ಥಿಗೋ ಬರಬೇಕಾದ್ದು ಬರಲ್ಲ. ಟೂಲ್ ಬರೆದವನಿಗೆ ಅದು ಒಂದು ಸಾಲಿನ ಸೋಮಾರಿತನ, ಆ ಮನುಷ್ಯನಿಗೆ ಕಚೇರಿಗೆ ನಾಲ್ಕು ಸಲ ಅಲೆದಾಟ.

ಎರಡನೇ ವಾದ ಇನ್ನೂ ಮಜಾ ಇದೆ. "ಡಾಕ್ಯುಮೆಂಟೇಶನ್ನನ್ನೂ ಎಐ ಕೈಲೇ ಬರೆಸಿದ್ರಾಯ್ತು!"

ಬರೆಸಿ, ಬೇಡ ಅನ್ನಲ್ಲ. ಕರಡು ಮಾಡೋಕೆ, ಭಾಷೆ ತಿದ್ದೋಕೆ ಅದು ಒಳ್ಳೇದೇ. ಆದರೆ ಕೋಡ್ ಕೊಟ್ಟು ಬರೆಸಿದರೆ ಕೋಡಿನಲ್ಲಿ ಇರೋದನ್ನ ಮಾತ್ರ ಬರೆಯುತ್ತೆ. ಕೋಡಿನಲ್ಲಿ ಇಲ್ಲದ್ದು? "ತಿಂಗಳ ಕೊನೇ ದಿನ ಇದನ್ನ ಓಡಿಸಬೇಡಿ, ಬಿಲ್ಲಿಂಗ್ ನಡೀತಿರುತ್ತೆ." "ಈ ಫೀಲ್ಡು ಹೆಸರಿಗೆ ಫೋನ್ ನಂಬರ್, ಆದರೆ ಹಳೇ ಗ್ರಾಹಕರದ್ದರಲ್ಲಿ ಲ್ಯಾಂಡ್‌ಲೈನ್ ಇದೆ." "ಇದು ಫೇಲ್ ಆಯ್ತು ಅಂತ ಹೇಳಿದರೂ ಅರ್ಧ ಕೆಲಸ ಆಗಿರುತ್ತೆ, ಮತ್ತೆ ಓಡಿಸೋ ಮುಂಚೆ ನೋಡ್ಕೊಳ್ಳಿ." ಇದೆಲ್ಲ ಇರೋದು ರಾತ್ರಿ ಪಾಳಿ ಮಾಡುವ ಸಪೋರ್ಟ್ ಹುಡುಗ ಹುಡುಗಿಯರ ತಲೆಯಲ್ಲಿ. ಅವರ ಹತ್ತಿರ ಹೋಗಿ, ಒಂದು ಕಾಫಿ ಕುಡಿಸಿ, ಕೇಳಿ ಬರೆದುಕೊಳ್ಳಬೇಕು. ಅದನ್ನ ಯಾರೂ ಮಾಡಲ್ಲ. ಯಾಕೆಂದರೆ ಸಪೋರ್ಟಿನವರನ್ನ ಕೇಳೋದು ನಮ್ಮ 'ಆರ್ಕಿಟೆಕ್ಟ್'ಗಳಿಗೆ ಅವಮಾನ.

ಕೇಳದಿದ್ದರೆ ಏನಾಗುತ್ತೆ? ನಾನು ಮೊದಲಿದ್ದ ಒಂದು ಕಡೆ 'ಕ್ಲೀನಪ್' ಅಂತ ಒಂದು ಟೂಲ್ ಇತ್ತು. ವಿವರಣೆ ಮೂರೇ ಪದ: "ಹಳೆಯ ಫೈಲುಗಳನ್ನು ಅಳಿಸುತ್ತದೆ". ಅದು ಟೆಸ್ಟ್ ಸರ್ವರಿಗೆ ಮಾತ್ರ ಅಂತ ಬಾಯಿಂದ ಬಾಯಿಗೆ ಗೊತ್ತಿದ್ದದ್ದು ನಾಲ್ಕೈದು ಜನಕ್ಕೆ. ಎಷ್ಟು ಹಳೇದು 'ಹಳೆಯದು' ಅನ್ನೋದಂತೂ ಬರೆದವರಿಗೇ ನೆನಪಿರಲಿಲ್ಲ. ಆ ಟೂಲನ್ನೂ ಉಳಿದವುಗಳ ಜೊತೆ ಏಜೆಂಟ್‌ಗೆ ಜೋಡಿಸಿದರು. ಸೇರಿ ಎರಡು ತಿಂಗಳಾಗಿದ್ದ ಹುಡುಗಿಯೊಬ್ಬಳು "ಡಿಸ್ಕ್ ತುಂಬಿದೆ, ಜಾಗ ಮಾಡು" ಅಂದಳು. ಏಜೆಂಟ್ ಪಟ್ಟಿ ನೋಡಿತು, 'ಹಳೆಯ ಫೈಲುಗಳನ್ನು ಅಳಿಸುತ್ತದೆ' ಅಂತ ಇತ್ತು, ಓಡಿಸಿತು. ಆಡಿಟ್‌ಗೆ ಬೇಕಿದ್ದ ಲಾಗ್ ಫೈಲುಗಳು ಹೋದವು. ಆಮೇಲಿನ ಮೀಟಿಂಗಿನಲ್ಲಿ ಎಲ್ಲರೂ ಆ ಹುಡುಗಿಗೆ "ಎಐನ ಅಷ್ಟೊಂದು ನಂಬಬಾರದು ಅಂತ ಗೊತ್ತಾಗಬೇಕಿತ್ತು" ಅಂತ ಬುದ್ಧಿ ಹೇಳಿದರು. ಆ ಮೂರು ಪದ ಬರೆದವರು ಯಾರು ಅಂತ ಒಬ್ಬರೂ ಕೇಳಲಿಲ್ಲ. ಅವರು ಅದೇ ಮೀಟಿಂಗಿನಲ್ಲಿ ಕೂತು ತಲೆ ಆಡಿಸ್ತಾ ಇದ್ದರು.

ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ ಇದೇ ತಾನೆ? ನನ್ನ ಸಿಟ್ಟಿನ ಮೂಲ ಇದು. ಕೆಟ್ಟ ಡಾಕ್ಯುಮೆಂಟೇಶನ್ ಅಂದರೆ ಬರೀ ಅಂದಗೇಡಿತನ ಅಲ್ಲ, ಅದು ಜವಾಬ್ದಾರಿಯನ್ನ ಕೆಳಗಿನವರ ತಲೆಗೆ ಜಾರಿಸುವ ಉಪಾಯ. ಬರೆದಿಟ್ಟರೆ ನಾಳೆ "ನೀವೇ ಹೀಗೆ ಬರೆದಿದ್ದೀರಲ್ಲ" ಅಂತ ಯಾರಾದರೂ ಹಿಡೀಬಹುದು. ಬರೆಯದಿದ್ದರೆ ತಪ್ಪು ಯಾವಾಗಲೂ ಓದಿದವನದ್ದೇ. ಮೊದಲು ಫ್ರೆಷರ್‌ಗಳ ಮೇಲೆ ಹಾಕ್ತಿದ್ದರು. ಈಗ ಎಐ ಮೇಲೆ ಮತ್ತು ಎಐ ಬಳಸಿದ ಫ್ರೆಷರ್‌ಗಳ ಮೇಲೆ. ಅಷ್ಟೇ ಪ್ರಗತಿ.

ಹಾಗಾದರೆ ಹೇಗೆ ಬರೀಬೇಕು ಅಂತೀರಾ? ಬರೀ ಬೈದು ಹೋದರೆ ನಾನೂ ಅವರ ಹಾಗೇ ಆಗ್ತೀನಿ. ಮೇಲಿನ 'ಅಪ್‌ಡೇಟ್ ರೆಕಾರ್ಡ್'ನ್ನೇ ತಗೊಳ್ಳೋಣ. ಹೆಸರು 'ಗ್ರಾಹಕರ ವಿಳಾಸ ಬದಲಿಸು' ಅಂತಿರಲಿ. ವಿವರಣೆ ಹೀಗಿರಲಿ:

"ಒಬ್ಬ ಗ್ರಾಹಕರ ಮನೆ ವಿಳಾಸವನ್ನು ಮಾತ್ರ ಬದಲಿಸುತ್ತದೆ. ಫೋನ್, ಇಮೇಲ್ ಬದಲಿಸಲು ಇದನ್ನು ಬಳಸಬೇಡಿ, ಅದಕ್ಕೆ ಬೇರೆ ಟೂಲ್ ಇದೆ. ಗ್ರಾಹಕರ ಹತ್ತು ಅಂಕಿಯ ಐಡಿ ಬೇಕು, ಹೆಸರು ಸಾಲದು. ಐಡಿ ಗೊತ್ತಿಲ್ಲದಿದ್ದರೆ ಮೊದಲು ಹುಡುಕುವ ಟೂಲ್ ಬಳಸಿ. ಕೊಡದ ಸಾಲುಗಳು ಖಾಲಿಯಾಗುತ್ತವೆ, ಆದ್ದರಿಂದ ಪೂರ್ತಿ ವಿಳಾಸ ಕೊಡಿ. ಬದಲಾದ ತಕ್ಷಣ ಗ್ರಾಹಕರಿಗೆ ಎಸ್ಸೆಮ್ಮೆಸ್ ಹೋಗುತ್ತದೆ, ಅದನ್ನು ತಡೆಯಲಾಗದು. ಹಳೆಯ ವಿಳಾಸ ವಾಪಸ್ ಸಿಗದು. ಎರಡು ಸಲ ಓಡಿಸಿದರೆ ವಿಳಾಸಕ್ಕೆ ತೊಂದರೆ ಇಲ್ಲ, ಎಸ್ಸೆಮ್ಮೆಸ್ ಮಾತ್ರ ಎರಡು ಸಲ ಹೋಗುತ್ತದೆ."

ಎಂಟೇ ಎಂಟು ವಾಕ್ಯ. ಏನು ಮಾಡುತ್ತೆ, ಯಾವಾಗ ಬಳಸಬಾರದು, ಏನು ಕೊಡಬೇಕು, ಹೊರಗೆ ಏನು ಪರಿಣಾಮ ಆಗುತ್ತೆ, ವಾಪಸ್ ಬರುತ್ತಾ, ಎರಡು ಸಲ ಓಡಿಸಬಹುದಾ, ಎಲ್ಲ ಬಂತು. ಕೊನೇದು ಬಹಳ ಮುಖ್ಯ. ಉತ್ತರ ಬರೋದು ತಡವಾದರೆ ಏಜೆಂಟ್ ಮತ್ತೊಮ್ಮೆ ಪ್ರಯತ್ನ ಮಾಡಬಹುದು. ಮೊದಲನೇದು ಆಗಿತ್ತು, ಉತ್ತರ ಮಾತ್ರ ತಲುಪಿರಲಿಲ್ಲ ಅನ್ನಿ. ದುಡ್ಡು ವಾಪಸ್ ಕೊಡುವ ಟೂಲಾಗಿದ್ದರೆ ಎರಡು ಸಲ ಹೋಯ್ತು!

ತಪ್ಪಿನ ಸಂದೇಶವೂ ಡಾಕ್ಯುಮೆಂಟೇಶನ್ನೇ. "ದೋಷ: 400" ಅಂದರೆ ಏಜೆಂಟ್ ಕತ್ತಲಲ್ಲಿ ತಡಕಾಡುತ್ತೆ, ಮನುಷ್ಯನೂ ಅಷ್ಟೇ. "ದಿನಾಂಕವನ್ನು 2025-04-03 ಈ ರೀತಿ ಕೊಡಿ" ಅಂದರೆ ಮುಂದಿನ ಸಲ ಸರಿ ಮಾಡುತ್ತೆ. 03/04/2025 ಅಂತ ಕೊಟ್ಟರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಇದೂ ಹೇಳಿಕೊಡಬೇಕಾ ಅಂತ ಕೇಳಬೇಡಿ. ಹೌದು, ಹೇಳಿಕೊಡಬೇಕು.

ಹಾಗಂತ ಉದ್ದ ಬರೆದರೆ ಒಳ್ಳೇದು ಅಂತ ಇನ್ನೂರು ಪುಟದ ಕೈಪಿಡಿ ತಂದು ಸುರಿಯೋರೂ ಇದ್ದಾರೆ. ಮಾಡೆಲ್ ಒಂದು ಸಲಕ್ಕೆ ಗಮನದಲ್ಲಿ ಇಟ್ಟುಕೊಳ್ಳೋಕೆ ಒಂದು ಮಿತಿ ಇದೆ. ಟೂಲುಗಳ ವಿವರಣೆಯೂ ಅದೇ ಜಾಗ ತಿನ್ನುತ್ತೆ. ನೂರು ಟೂಲ್ ಜೋಡಿಸಿ, ಒಂದೊಂದಕ್ಕೂ ಜಾಹೀರಾತಿನ ಥರ "ಅತ್ಯಾಧುನಿಕ, ಶಕ್ತಿಶಾಲಿ" ಅಂತ ಬರೆದರೆ ಕೆಲಸದ ಮಾತು ಎಲ್ಲೋ ಮುಳುಗಿಹೋಗುತ್ತೆ. ಚಿಕ್ಕದಾಗಿ, ಸತ್ಯವಾಗಿ ಬರೀರಿ.

ಸತ್ಯ ಅಂದಾಗ ನೆನಪಾಯ್ತು. 1971ರ ನವೆಂಬರ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚೀ ಸೇರಿ ಯೂನಿಕ್ಸ್‌ನ ಮೊದಲ ಕೈಪಿಡಿ ತಂದರು. ಅದರಲ್ಲಿ ಕಮ್ಯಾಂಡುಗಳ ಪುಟದಲ್ಲಿ 'ಬಗ್ಸ್' ಅಂತ ಒಂದು ವಿಭಾಗ. ಅಂದರೆ, ನಮ್ಮ ಟೂಲಿನಲ್ಲಿ ಈ ಈ ಹುಳುಕಿದೆ ಅಂತ ಬರೆದವರೇ ಕೈಪಿಡಿಯಲ್ಲಿ ಹೇಳಿಕೊಂಡಿದ್ದರು. ಐವತ್ತು ವರ್ಷದ ಮೇಲಾಯ್ತು. ನಿಮ್ಮ ಕಂಪನಿಯ ಎಷ್ಟು ಟೂಲಿನ ಪುಟದಲ್ಲಿ ಆ ವಿಭಾಗ ಇದೆ, ಎದೆ ಮುಟ್ಟಿಕೊಂಡು ಹೇಳಿ? ಏಜೆಂಟ್‌ಗೆ ಬೇರೆಲ್ಲದಕ್ಕಿಂತ ಹೆಚ್ಚು ಬೇಕಿರೋದು ಅದೇ. ಮನುಷ್ಯನಿಗೂ ಅದೇ.

ಇನ್ನೊಂದು ಮಾತು ಹೇಳದಿದ್ದರೆ ನನ್ನ ವಾದ ಅರ್ಧ ಸುಳ್ಳಾಗುತ್ತೆ. ಚೆನ್ನಾಗಿ ಬರೆದರೆ ಸಾಕು, ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. 2025ರ ಜುಲೈನಲ್ಲಿ ರೆಪ್ಲಿಟ್ ಕಂಪನಿಯ ಏಜೆಂಟ್, ಏನೂ ಬದಲಾಯಿಸಬೇಡ ಅಂತ ಬಳಕೆದಾರರು ಸ್ಪಷ್ಟವಾಗಿ ಹೇಳಿದ್ದರೂ, ಬಳಕೆಯಲ್ಲಿದ್ದ ಡೇಟಾಬೇಸನ್ನೇ ಅಳಿಸಿಹಾಕಿತು. ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. "ಮುಟ್ಟಬೇಡಿ" ಅನ್ನೋ ಬೋರ್ಡು ಬೀಗ ಅಲ್ಲ. ಅಳಿಸುವ ಅಧಿಕಾರವನ್ನೇ ಕೊಡದಿರೋದು, ಅಳಿಸುವ ಮುಂಚೆ ಮನುಷ್ಯರ ಒಪ್ಪಿಗೆ ಕೇಳೋದು, ಇವು ಬೀಗ. ಅದೇ ವರ್ಷ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್‌ನವರು ಟೂಲಿನ ವಿವರಣೆಯೊಳಗೇ ದುಷ್ಟ ಸೂಚನೆ ಬಚ್ಚಿಟ್ಟು ಏಜೆಂಟ್‌ನ ದಾರಿ ತಪ್ಪಿಸಬಹುದು ಅಂತ ತೋರಿಸಿದರು. ಹಾಗಾಗಿ ಕಂಡವರ ಟೂಲಿನ ವಿವರಣೆಯನ್ನ ಓದದೆ ಜೋಡಿಸೋದು ಕಂಡವರ ಕೋಡನ್ನ ಓದದೆ ಓಡಿಸಿದ ಹಾಗೇ.

ಆದರೆ ಇದರಿಂದ ನನ್ನ ವಾದ ಬಲವಾಗುತ್ತೆಯೇ ಹೊರತು ಬೀಳಲ್ಲ. ವಿವರಣೆಗೆ ಹಾಳು ಮಾಡುವಷ್ಟು ಶಕ್ತಿ ಇದೆ ಅಂದರೆ ಅದೂ ಕೋಡೇ. ಕೋಡಿಗೆ ರಿವ್ಯೂ ಮಾಡ್ತೀರಿ, ಟೆಸ್ಟ್ ಮಾಡ್ತೀರಿ, ಯಾರು ಯಾವಾಗ ಬದಲಿಸಿದರು ಅಂತ ಇಡ್ತೀರಿ. ವಿವರಣೆಗೂ ಮಾಡಿ. ಸಾಲು ಬದಲಿಸಿದ ಮೇಲೆ ಏಜೆಂಟ್‌ಗೆ ಹತ್ತು ಥರದ ಕೆಲಸ ಕೊಟ್ಟು, ಸರಿಯಾದ ಟೂಲ್ ಆರಿಸ್ತಾ ಅಂತ ನೋಡಿ. ಕೆಳಗೆ ಬರೆದವರ ಹೆಸರೂ ಇರಲಿ. ಮುಂದಿನ ಮೀಟಿಂಗಿನಲ್ಲಿ ಯಾರನ್ನ ಕೇಳಬೇಕು ಅಂತ ಗೊತ್ತಾಗುತ್ತೆ.

ಕೊನೇದಾಗಿ, ಯಂತ್ರಕ್ಕೊಂದು ಪಂಕ್ತಿ, ಮನುಷ್ಯರಿಗೊಂದು ಪಂಕ್ತಿ ಮಾಡಬೇಡಿ. 2024ರಲ್ಲಿ ಜೆರೆಮಿ ಹೋವರ್ಡ್ ಜಾಲತಾಣಗಳಲ್ಲಿ ಮಾಡೆಲ್‌ಗಳು ಓದೋಕೆ ಅಂತಲೇ ಒಂದು ಸರಳ ಪಠ್ಯ ಫೈಲ್ ಇಡೋಣ ಅಂದರು. 2025ರಲ್ಲಿ ಪ್ರಾಜೆಕ್ಟಿನೊಳಗೆ 'ಏಜೆಂಟ್ಸ್ ಡಾಟ್ ಎಂಡಿ' ಅಂತ ಫೈಲ್ ಇಡೋ ಪದ್ಧತಿ ಹಬ್ಬಿತು. ಒಳ್ಳೇದೇ. ಆದರೆ ಆ ಫೈಲು ತೆಗೆದು ನೋಡಿದರೆ ನನಗೆ ನಗುವೂ ಬರುತ್ತೆ, ಅಳುವೂ ಬರುತ್ತೆ. ಬಿಲ್ಡ್ ಮಾಡೋದು ಹೇಗೆ, ಟೆಸ್ಟ್ ಓಡಿಸೋದು ಹೇಗೆ, ಯಾವ ಫೋಲ್ಡರ್ ಮುಟ್ಟಬಾರದು, ಎಲ್ಲ ಚಂದವಾಗಿ ಇರುತ್ತೆ. ಇದನ್ನೇ ಅಲ್ವೇನ್ರೀ ಹೊಸಬರು ಮೊದಲ ದಿನ ಕೇಳ್ತಿದ್ದಿದ್ದು? ಆಗ ಯಾಕೆ ಕೈ ಬರಲಿಲ್ಲ? ಹೊಸಬರು ತಿಂಗಳುಗಟ್ಟಲೆ ಒದ್ದಾಡಿ ಕಲಿಯಲಿ ಅನ್ನೋದು 'ತರಬೇತಿ', ಯಂತ್ರ ಒದ್ದಾಡಿದರೆ 'ಉತ್ಪಾದಕತೆಗೆ ಧಕ್ಕೆ'!

ನಾಳೆ ಆಫೀಸಿಗೆ ಹೋದವರು ಒಂದು ಕೆಲಸ ಮಾಡಿ. ನಿಮ್ಮ ಒಂದೇ ಒಂದು ಟೂಲಿನ ವಿವರಣೆಯನ್ನ ತಂಡದ ತೀರಾ ಹೊಸಬರ ಮುಂದೆ ಗಟ್ಟಿಯಾಗಿ ಓದಿ. ಅವರು ಕೇಳುವ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳಿ. ಏಜೆಂಟ್ ನಾಚಿಕೆ ಸ್ವಭಾವದ ಹೊಸಬ ಇದ್ದ ಹಾಗೆ. ಎಷ್ಟೋ ಸಲ ಕೇಳೋದೇ ಇಲ್ಲ, ತನಗೆ ತೋಚಿದ್ದು ಮಾಡಿಬಿಡುತ್ತೆ. ಹೊಸಬರ ಪ್ರಶ್ನೆಗಳಿಗೆ ಉತ್ತರ ಬರೆದರೆ ಅದರ ಪ್ರಶ್ನೆಗಳಿಗೂ ಬರೆದ ಹಾಗೆ.

ಸಿಟ್ಟಿನಲ್ಲಿ ಸ್ವಲ್ಪ ಉದ್ದವಾಯ್ತು. ನಿಮ್ಮ ಆಫೀಸಿನ ಅತಿ ಚಿಕ್ಕ, ಅತಿ ನಿರುಪಯುಕ್ತ ವಿವರಣೆ ಯಾವುದು? ಕಂಪನಿ ಹೆಸರು ಬಿಟ್ಟು ಕಾಮೆಂಟಿನಲ್ಲಿ ಹಾಕಿ. "ಎಐ ಬುದ್ಧಿವಂತ ಕಣ್ರೀ" ಅನ್ನೋರೂ ಬರಲಿ, ಜಗಳಕ್ಕೆ ನಾನು ತಯಾರು :)